ಸೆಲ್ಫ್ ಗೋಲಿಗೆ ಒಂದು ಮೈಸೂರು ಪೇಟ

ಯಾರಿಗಾದರೂ ಸನ್ಮಾನ ಮಾಡದೆ ಇರಲಾರದ ಜನರ ನಡುವೆ ಬದುಕುವವನಿಗೆ ಇಂಥ ಪ್ರಸಂಗಗಳು ತಪ್ಪುವುದಿಲ್ಲ. ದೇಶ ಬಿಟ್ಟರೆ ತಪ್ಪಬಹುದು ಎಂದುಕೊಂಡು, ಊರಿನ ಡೈರಿಯಲ್ಲಿದ್ದ ಹಾಲು ಪರೀಕ್ಷಿಸುವ ಕೆಲಸವನ್ನೇ ಇಲ್ಲೂ ಹಿಡಿದು, ನಾನು ನ್ಯೂಜಿಲೆಂಡಿಗೆ ಬಂದೆ. ಬಂದ ಮೂರನೇ ವಾರವೇ, ನಾನಿರುವ ಊರಾದ ಪಾಮರ್ಸ್ಟನ್ ನಾರ್ತ್‌ನಲ್ಲೂ ಒಂದು ಕನ್ನಡ ಸಂಘವಿದೆ ಎಂದು ಗೊತ್ತಾಯಿತು. ನಾಲ್ಕನೇ ವಾರ ಅದರ ವಾರ್ಷಿಕ ಸಭೆ. ಯಾರದೋ ದಾರಿಗೆ ಅಡ್ಡವಾಗಿದ್ದ ನನ್ನ ಕಾರನ್ನು ತೆಗೆಯಲು ಐದು ನಿಮಿಷ ಹೊರಗೆ ಹೋಗಿದ್ದೆ. ವಾಪಸ್ ಬರುವಷ್ಟರಲ್ಲಿ ನಾನು ಅವಿರೋಧವಾಗಿ ಕಾರ್ಯದರ್ಶಿಯಾಗಿದ್ದೆ. ಆ ಹುದ್ದೆಯ ಫಲವಾಗಿ ನಡೆದ ಕೆಲವನ್ನು ಇಲ್ಲಿ ಬರೆಯುತ್ತೇನೆ. ಎಲ್ಲವೂ ನಮ್ಮ ಪಕ್ಕದ ಮನೆಯ ಸ್ಪೇನಿನ ಅಜ್ಜನಿಗೆ ಸಂಬಂಧಿಸಿದವು. ಅವರು ಐವತ್ತರ ದಶಕದ ಫುಟ್‌ಬಾಲ್ ಆಟಗಾರ.

ಸೂಜಿ ಹೊರಬಂದ ಜಾಗ

ಏಪ್ರಿಲ್ ತಿಂಗಳಲ್ಲಿ ಈ ಊರಿನವರೆಲ್ಲ ತಮ್ಮ ಹಿತ್ತಲಿನ ಫಿಜೋವಾ ಹಣ್ಣನ್ನು ಬಕೆಟ್‌ಗಟ್ಟಲೆ ಪಕ್ಕದ ಮನೆಗೆ ಕೊಡುತ್ತಾರೆ. ಪಕ್ಕದ ಮನೆಯವರು ಅದರ ಪಕ್ಕದ ಮನೆಗೆ. ತಿನ್ನುವವರು ಯಾರೆಂದು ಇನ್ನೂ ಪತ್ತೆಯಾಗಿಲ್ಲ. ಹಾಗೆ ಬೇಲಿಯ ಮೇಲಿಂದ ಬಕೆಟ್ ದಾಟಿಸುತ್ತ ಅಜ್ಜ ಪರಿಚಯವಾದರು. ವಯಸ್ಸು ತೊಂಬತ್ತು ದಾಟಿದೆ. ಬೆನ್ನು ನೆಟ್ಟಗಿದೆ. ಇಲ್ಲಿನ ಮಾಂಸದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಒಂದು ಮಧ್ಯಾಹ್ನ ಅವರದೇ ಬಾಟಲಿಯಿಂದ ಎರಡು ಲೋಟ ಕುಡಿದ ಮೇಲೆ ಕಥೆ ಹೇಳಿದರು.

ಸ್ಪೇನಿನ ನಡುಭಾಗದ ಒಂದು ಸಣ್ಣ ಊರು. ಅಪ್ಪನದು ಬೇಕರಿ. ಅಜ್ಜ ಊರಿನ ತಂಡದಲ್ಲಿ ಒಂಬತ್ತು ವರ್ಷ ರಕ್ಷಣೆಯ ಸಾಲಿನಲ್ಲಿ ಆಡಿದರು. ಮೂರನೇ ದರ್ಜೆಯ ರೈಲಿನ ಪ್ರಯಾಣ, ಮಣ್ಣಿನ ಮೈದಾನ. ಹೊಲಿಗೆ ಹಾಕಿದ ಚರ್ಮದ ಚೆಂಡು ಮಳೆಯಲ್ಲಿ ನೆನೆದರೆ ಕುಂಬಳಕಾಯಿಯಷ್ಟು ತೂಕ. ಮೊದಲ ಎಂಟು ವರ್ಷ ಅವರ ಹೆಸರು ಯಾರಿಗೂ ನೆನಪಿರಲಿಲ್ಲ. ಒಂಬತ್ತನೇ ವರ್ಷ, ಕೊನೆಯ ಪಂದ್ಯದ ಕೊನೆಯ ನಿಮಿಷ. ಪಂದ್ಯ ಸಮವಾದರೂ ಸಾಕು, ಊರಿನ ತಂಡ ಲೀಗಿನ ಎರಡನೇ ದರ್ಜೆಯಲ್ಲಿ ಉಳಿಯುತ್ತಿತ್ತು. ಆಗ ಅಜ್ಜ ನೆಗೆದು, ಚೆಂಡಿಗೆ ತಲೆ ಕೊಟ್ಟು, ಅದನ್ನು ತಮ್ಮದೇ ಗೋಲಿನೊಳಗೆ ಕಳುಹಿಸಿದರು. ತಂಡ ಕೆಳಗಿನ ದರ್ಜೆಗೆ ಇಳಿಯಿತು.

"ಮರುದಿನ ಕ್ಷೌರಿಕ ಅರ್ಧ ಗಡ್ಡ ತೆಗೆದು ಕತ್ತಿ ಕೆಳಗಿಟ್ಟ," ಎಂದರು ಅಜ್ಜ. "'ಬೇರೆಯವರ ಕೆಲಸವನ್ನು ನೀನೇ ಮಾಡಿಬಿಡುತ್ತೀಯಲ್ಲ, ಉಳಿದರ್ಧವನ್ನೂ ನೀನೇ ಮಾಡಿಕೋ' ಅಂದ. ಪಾದ್ರಿಯ ಹತ್ತಿರ ಹೋಗಿ ಕ್ಷಮೆ ಕೇಳಿದೆ. 'ಮೇಲಿನವನನ್ನು ಕೇಳಿ ಹೇಳುತ್ತೇನೆ' ಅಂದ. ನನ್ನ ಅಪ್ಪ, ಸ್ವಂತ ಅಪ್ಪ, ಬ್ರೆಡ್ಡಿಗೆ ನನ್ನನ್ನು ಸಾಲಿನಲ್ಲಿ ನಿಲ್ಲಿಸಿದ. ನನ್ನ ಸರದಿ ಬಂದಾಗ 'ಮುಗೀತು' ಅಂದ."

ಶಾಲೆಯಿಂದ ಒಂದು ಗ್ಲೋಬು ತಂದು, ತಮ್ಮ ಊರಿಗೆ ಉದ್ದನೆಯ ಸೂಜಿ ಚುಚ್ಚಿದರಂತೆ. ಅದು ಈಚೆ ಹೊರಬಂದ ಜಾಗ ಇದು. ಅರವತ್ತಕ್ಕೂ ಹೆಚ್ಚು ವರ್ಷಗಳಿಂದ ಇಲ್ಲಿ ಯಾರಿಗೂ ವಿಷಯ ಗೊತ್ತಿಲ್ಲ. ಹುಲ್ಲಿನ ಮೇಲೆ ಚೆಂಡು ಉರುಳಿಸುವ ಬೌಲಿಂಗ್ ಕ್ಲಬ್ಬಿನ ಮುದುಕರು ಅವರನ್ನು ದೊಡ್ಡ ಆಟಗಾರನೆಂದೇ ತಿಳಿದು ಗೌರವದಿಂದ ನಡೆಸಿಕೊಳ್ಳುತ್ತಾರೆ.

"ನಾನು ಸಾಯುವವರೆಗೆ ಇದು ಹೀಗೇ ಇರಬೇಕು. ನನಗೆ ಬೇರೇನೂ ಬೇಡ," ಎಂದು ನನ್ನಿಂದ ಆಣೆ ಮಾಡಿಸಿಕೊಂಡರು.

"ಅಷ್ಟಕ್ಕೆ ಇಷ್ಟು ದೂರ ಬರಬೇಕಿತ್ತೇ?" ಎಂದೆ.

"ಇನ್ನೂ ದೂರ ಹೋಗುವ ಆಸೆಯಿತ್ತು," ಎಂದರು. "ಆದರೆ ಇಲ್ಲಿಂದ ಯಾವ ಕಡೆ ಹೆಜ್ಜೆ ಇಟ್ಟರೂ ಊರು ಹತ್ತಿರವಾಗುತ್ತದೆ."

ಅಂತರರಾಷ್ಟ್ರೀಯ ಖ್ಯಾತಿ

ಆಣೆಯನ್ನು ನಾನು ಮುರಿಯಲಿಲ್ಲ. ಪಕ್ಕದ ಮನೆಯ ಅಜ್ಜ ಹಿಂದೆ ಫುಟ್‌ಬಾಲ್ ಆಡಿದವರು ಎಂದಷ್ಟೇ ನನ್ನ ಹೆಂಡತಿಗೆ ಹೇಳಿದೆ. ಅವಳು ಅಷ್ಟನ್ನೇ ಸಂಘದ ಅಧ್ಯಕ್ಷರ ಹೆಂಡತಿಗೆ ಹೇಳಿದಳು. ಮರುದಿನ ಸಂಜೆ ಅಧ್ಯಕ್ಷರು ನಮ್ಮ ಮನೆಯ ಸೋಫಾದ ಮೇಲಿದ್ದರು.

ಅಧ್ಯಕ್ಷರು ಮೈಸೂರಿನವರು, ಸಾಫ್ಟ್‌ವೇರಿನವರು, ಸಜ್ಜನರು. ಅವರಿಗಿರುವ ಒಂದೇ ಚಿಂತೆ ರಾಜ್ಯೋತ್ಸವದ ಮುಖ್ಯ ಅತಿಥಿಯದು. ಊರಿನ ಒಬ್ಬ ಕೌನ್ಸಿಲರ್‌ಗೆ ಸಂಘ ಈಗಾಗಲೇ ನಾಲ್ಕು ಸಲ ಸನ್ಮಾನ ಮಾಡಿದೆ. ಅವರ ಹತ್ತಿರ ನಾಲ್ಕು ಶಾಲು, ನಾಲ್ಕು ಮೈಸೂರು ಪೇಟ ಇವೆ. ಈಗ ನಮ್ಮವರು ಎದುರಾದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾರೆ.

"ಏನ್ ಸ್ವಾಮಿ ನೀವು," ಎಂದರು ಅಧ್ಯಕ್ಷರು ನೊಂದು. "ಅಂತರರಾಷ್ಟ್ರೀಯ ಆಟಗಾರರನ್ನ ಬೇಲಿ ಪಕ್ಕದಲ್ಲೇ ಇಟ್ಕೊಂಡು ಸಂಘಕ್ಕೆ ಒಂದ್ ಮಾತು ಹೇಳ್ಲಿಲ್ವಲ್ಲ!"

"ಅವರು ಅಂತರರಾಷ್ಟ್ರೀಯ ಆಟಗಾರರಲ್ಲ. ದೇಶದ ತಂಡದಲ್ಲಿ ಆಡೇ ಇಲ್ಲ."

"ಆಡಿದ್ದು ಎಲ್ಲಿ?"

"ಸ್ಪೇನ್."

"ಈಗ ಇರೋದು?"

"ನ್ಯೂಜಿಲೆಂಡ್."

"ಮತ್ತೆ?" ಎಂದರು ಅಧ್ಯಕ್ಷರು. ಆಮಂತ್ರಣ ಪತ್ರದಲ್ಲಿ 'ಅಂತರರಾಷ್ಟ್ರೀಯ ಖ್ಯಾತಿಯ' ಎಂದೇ ಅಚ್ಚಾಯಿತು. ಈ ಲೆಕ್ಕದಲ್ಲಿ ನಾನು ಅಂತರರಾಷ್ಟ್ರೀಯ ಖ್ಯಾತಿಯ ಹಾಲು ಪರೀಕ್ಷಕ.

ಅಜ್ಜ ಒಪ್ಪುವುದಿಲ್ಲ ಎಂಬ ಧೈರ್ಯ ನನಗಿತ್ತು. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ ಎಲ್ಲವನ್ನೂ ವಿವರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲಿಗೆ ಬರುವವರಲ್ಲಿ ಫುಟ್‌ಬಾಲ್ ಗೊತ್ತಿರುವವರು ಎಷ್ಟು ಜನ?"

"ಯಾರೂ ಇಲ್ಲ. ನಮ್ಮದೆಲ್ಲ ಕ್ರಿಕೆಟ್."

ಅಜ್ಜನ ಮುಖ ಅರಳಿತು. "ಅಂಥ ಜನರಿಂದ ಗೌರವ ಪಡೆಯಲು ನಾನು ಅರವತ್ತು ವರ್ಷ ಕಾದಿದ್ದೇನೆ," ಎಂದರು.

ಬೆಳಗಾವಿಯ ಒಬ್ಬರು

ಯಾರೂ ಇಲ್ಲ ಎಂದಿದ್ದು ತಪ್ಪು. ಒಬ್ಬರಿದ್ದರು. ಊರಾಚೆ ಟೈರಿನ ಅಂಗಡಿ ಇಟ್ಟಿರುವ ಬೆಳಗಾವಿಯ ಸಾಹೇಬರು. ಸಂಘದ ಸಭೆಗೆ ಬರುತ್ತಾರೆ, ಬಿರಿಯಾನಿ ತರುತ್ತಾರೆ, ಭಾಷಣ ಶುರುವಾದ ಕೂಡಲೇ ಹೊರಗೆ ಹೋಗಿ ಎಲ್ಲರ ಕಾರಿನ ಗಾಳಿ ನೋಡುತ್ತಾರೆ. ಬೆಳಗಾವಿಯಲ್ಲಿ ಕಾಲೇಜಿಗೆ ಫುಟ್‌ಬಾಲ್ ಆಡಿದವರೆಂದು ನನಗೆ ಗೊತ್ತಿರಲಿಲ್ಲ. ಆಮಂತ್ರಣ ಓದಿದ ದಿನವೇ ಹಿಂದೆ ಸಾಮಾನು ತುಂಬುವ ಅವರ ಯೂಟ್ ಗಾಡಿ ನಮ್ಮ ಮನೆ ಮುಂದೆ ನಿಂತಿತು. ಅಜ್ಜ ಬೇಲಿಯಾಚೆ ಟೊಮೆಟೊ ಸಸಿ ನೆಡುತ್ತಿದ್ದರು. ಸಾಹೇಬರು ಮಾತಾಡಿದ್ದು ಇಂಗ್ಲಿಷಿನಲ್ಲೇ. ಆದರೆ ಅದು ಬೆಳಗಾವಿಯ ರೈಲು ಹತ್ತಿ ಬಂದ ಇಂಗ್ಲಿಷ್. ಆದ್ದರಿಂದ ಹೀಗೆ ಬರೆಯುವುದೇ ಸರಿ.

"ಅಜ್ಜಾರ, ಎಷ್ಟ್ ವರ್ಷ ಆಡೀರಿ?"

"ಒಂಬತ್ತು."

"ಒಟ್ಟ ಎಷ್ಟ್ ಗೋಲ್ ಹೊಡದೀರಿ?"

ಅಜ್ಜ ಸಸಿಯೊಂದನ್ನು ನೆಟ್ಟಗೆ ನಿಲ್ಲಿಸಿದರು. ಅವರು ಸುಳ್ಳು ಹೇಳುವವರಲ್ಲ. "ಒಂದು."

"ಒಂಬತ್ತ್ ವರ್ಷದಾಗ ಒಂದ?"

"ನಾನು ರಕ್ಷಣೆಯ ಸಾಲಿನವನು."

"ಹಂಗಾರ ಒಂದು ಅಂದ್ರೂ ಭಾರೀನ ಆತು. ಹೆಂಗ ಹೊಡದ್ರಿ?"

"ತಲೆಯಿಂದ," ಎಂದು ಅಜ್ಜ ನಲ್ಲಿಯ ಕಡೆ ನಡೆದರು.

ಸಾಹೇಬರು ನನ್ನ ತೋಳು ಹಿಡಿದು ಯೂಟಿನ ಹಿಂದಕ್ಕೆ ಕರೆದೊಯ್ದರು. "ಸೆಕ್ರೆಟರಿ ಸಾಹೇಬ್ರ, ಗೋಲ್ ಹೊಡದಾಂವ ಕೇಳಿದ್ರೂ ಹೇಳ್ತಾನ, ಕೇಳದಿದ್ರೂ ಹೇಳ್ತಾನ. ಈ ಅಜ್ಜ ನೋಡಿದ್ರ ನೀರ್ ಹಾಕಾಕ ಹೋದ. ಖರೇ ಹೇಳ್ರಿ, ಆ ಗೋಲು ಯಾವ ಕಡೆ ಹೋತು?"

ನಾನು ಆಣೆ ಇಟ್ಟವನು. ಯೂಟಿನ ಟೈರಿನ ಗಾಳಿ ನೋಡತೊಡಗಿದೆ.

"ತಿಳೀತು ಬಿಡ್ರಿ," ಎಂದರು ಸಾಹೇಬರು. ಅವರ ದನಿ ಇಳಿದಿತ್ತು. "ನಾ ಯಾರಿಗೂ ಹೇಳಂಗಿಲ್ಲ. ನಂದೂ ಅಂಥಾದ್ದೊಂದು ಐತಿ. ಮೂರ್ ತಿಂಗಳ ಊರು ಬಿಟ್ಟಿದ್ದೆ."

"ನೀವೂ ಅದಕ್ಕೇ ನ್ಯೂಜಿಲೆಂಡಿಗೆ ಬಂದಿರಾ?"

"ಛೇ ಛೇ. ನಾ ಹುಬ್ಬಳ್ಳಿತನಕ ಅಷ್ಟ ಹೋಗಿದ್ದೆ. ನಂದು ಬರೇ ಕಾಲೇಜ್ ಮ್ಯಾಚ್ ಇತ್ತು."

ಪ್ರದರ್ಶನ ಪಂದ್ಯ

ಅತಿಥಿಯ ಗೌರವಾರ್ಥ ಅದೇ ದಿನ ಬೆಳಗ್ಗೆ ಒಂದು ಫುಟ್‌ಬಾಲ್ ಪಂದ್ಯ ಆಗಬೇಕೆಂದು ಅಧ್ಯಕ್ಷರು ತೀರ್ಮಾನಿಸಿದರು. ಬೆಂಗಳೂರಿನವರು ಒಂದು ಕಡೆ, ಉಳಿದ ಕರ್ನಾಟಕ ಇನ್ನೊಂದು ಕಡೆ. ಒಟ್ಟು ಇಪ್ಪತ್ತೆರಡು ಗಂಡಸರು, ಅವರ ಹೊಟ್ಟೆಗಳನ್ನು ಬೇರೆ ಲೆಕ್ಕ ಹಾಕದಿದ್ದರೆ. ಟಾಸ್ ಗೆದ್ದ ಬೆಂಗಳೂರು ತಂಡದ ನಾಯಕರು ಅಭ್ಯಾಸಬಲದಿಂದ "ನಾವು ಮೊದಲು ಬ್ಯಾಟಿಂಗ್" ಎಂದರು. ರೆಫರಿಯಾಗಿದ್ದ ಸಾಹೇಬರು ಆಕಾಶ ನೋಡಿದರು.

ಆಟ ಶುರುವಾಯಿತು ಎಂದು ಹೇಳಬಹುದು. ಉಳಿದ ಕರ್ನಾಟಕದ ಗೋಲ್‌ಕೀಪರ್ ಬೆನ್ನು ತಿರುಗಿಸಿ ದಾವಣಗೆರೆಯ ಅತ್ತೆಯೊಂದಿಗೆ ವಿಡಿಯೊ ಕರೆಯಲ್ಲಿದ್ದರು. "ಹೂಂ ಅತ್ತೆ, ಆಡ್ತಾನೇ ಇದ್ದೀನಿ, ನೋಡಿ," ಎಂದು ಅವರು ಮೈದಾನ ತೋರಿಸಲು ಫೋನ್ ತಿರುಗಿಸಿದಾಗ ಚೆಂಡು ಪಕ್ಕದಲ್ಲೇ ಒಳಗೆ ಹೋಯಿತು. ಗೋಲನ್ನು ಮೊದಲು ನೋಡಿದವರು ದಾವಣಗೆರೆಯವರು.

ಅಧ್ಯಕ್ಷರು ಎದುರು ತಂಡದ ಗೋಲಿನ ಹತ್ತಿರ, ಒಂದು ಮರದ ಕೆಳಗೆ ಇಪ್ಪತ್ತು ನಿಮಿಷ ಕದಲದೆ ನಿಂತಿದ್ದರು. ಅಂಚಿನಲ್ಲಿ ಕುಳಿತಿದ್ದ ಅವರ ಮಗಳು ಇಲ್ಲೇ ಹುಟ್ಟಿದವಳು, ಶಾಲೆಯ ತಂಡದಲ್ಲಿ ಆಡುವವಳು. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಇಂಗ್ಲಿಷ್.

"ಡ್ಯಾಡ್, ಯು ಆರ್ ಆಫ್‌ಸೈಡ್!" ಎಂದು ಕೂಗಿದಳು.

"ಇರ್ಲಿ ಪುಟ್ಟಿ, ಇಲ್ಲಿ ನೆರಳಿದೆ," ಎಂದರು ಅಧ್ಯಕ್ಷರು.

ಅಜ್ಜ ಮೊದಲ ಅರ್ಧವನ್ನು ಪೂರ್ತಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಇವರ ಮುಂದೆ ನನ್ನ ಗುಟ್ಟು ಬಯಲಾದರೂ ಪರವಾಗಿಲ್ಲ ಅನಿಸುತ್ತಿದೆ," ಎಂದರು. ಸ್ವಲ್ಪ ಯೋಚಿಸಿ ತಿದ್ದಿಕೊಂಡರು. "ಇಲ್ಲ, ಬೇಡ. ಇವರಿಗಿಂತ ನಾನು ಉತ್ತಮ ಅನ್ನುವುದನ್ನೂ ಕಳೆದುಕೊಳ್ಳಲಾರೆ."

ಬ್ಯಾಟರಿಯ ದೀಪ ಮತ್ತು ಮಾನಪತ್ರ

ಸಂಜೆಯ ಕಾರ್ಯಕ್ರಮ ಒಂದು ಶಾಲೆಯ ಸಭಾಂಗಣದಲ್ಲಿ. ಅಲ್ಲಿ ಬೆಂಕಿ ಹಚ್ಚುವಂತಿಲ್ಲ. ಹೊಗೆ ಕಂಡರೆ ಅಗ್ನಿಶಾಮಕದವರು ಬರುತ್ತಾರೆ. ಹಿಂದೊಮ್ಮೆ ಬಂದಿದ್ದರು. ಅವರಿಗೂ ಸನ್ಮಾನ ಮಾಡಿ ಕಳುಹಿಸಿದ್ದೆವು. ಅಂದಿನಿಂದ ನಮ್ಮದು ಬ್ಯಾಟರಿಯ ದೀಪ, ಅದಕ್ಕೊಂದು ಗುಂಡಿ. ಗಣ್ಯರು ಒಬ್ಬೊಬ್ಬರಾಗಿ ಒತ್ತಿದರು. ಮೊದಲನೆಯವರು ಒತ್ತಿದಾಗ ಹತ್ತಿತು, ಎರಡನೆಯವರಿಗೆ ಆರಿತು, ಮೂರನೆಯವರಿಗೆ ಹತ್ತಿತು. ಗಣ್ಯರು ನಾಲ್ಕು ಜನ ಇದ್ದುದರಿಂದ ಉದ್ಘಾಟನೆ ಕತ್ತಲೆಯಲ್ಲಿ ಮುಗಿಯಿತು. ಸಭೆ ಚಪ್ಪಾಳೆ ತಟ್ಟಿತು. ಐದನೆಯ ಗಣ್ಯನಾಗಿ ನನ್ನನ್ನು ಓಡಿಸಿಕೊಂಡು ಕರೆತಂದರು.

ಅಜ್ಜನಿಗೆ ಶಾಲು ಹೊದಿಸಿ, ಹಾರ ಹಾಕಿ, ಪೇಟ ತೊಡಿಸಿ, ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟದ್ದಾಯಿತು. ಪೇಟ ಅವರಿಗೆ ಎಷ್ಟು ಒಪ್ಪಿತೆಂದರೆ ಮುಂದಿನ ಸಾಲಿನ ಒಬ್ಬ ಅಜ್ಜಿ ಎದ್ದು ನಮಸ್ಕಾರ ಮಾಡಿದರು. ಅಧ್ಯಕ್ಷರು ಮಾನಪತ್ರ ಕೈಗೆತ್ತಿಕೊಂಡರು.

"ಅತಿಥಿಗಳ ಸಾಧನೆಯ ವಿವರ ಕಾರ್ಯದರ್ಶಿಗಳು ಕೊಡಲಿಲ್ಲ," ಎಂದು ಶುರು ಮಾಡಿದರು. "ಆದ್ದರಿಂದ ಬೌಲಿಂಗ್ ಕ್ಲಬ್ಬಿನವರಿಂದ ಊರಿನ ಹೆಸರು ತಿಳಿದು, ನಾನೇ ಅವರ ಹುಟ್ಟೂರಿನ ಕ್ಲಬ್ಬಿಗೆ ಇಮೇಲ್ ಬರೆದು ತರಿಸಿಕೊಂಡೆ."

ಅಜ್ಜನ ಪಕ್ಕದ ಕುರ್ಚಿಯಲ್ಲಿದ್ದ ನಾನು ಮೈಕಿನ ವೈರು ಎಲ್ಲಿದೆಯೆಂದು ಹುಡುಕಿದೆ. ಹಿಂದಿನ ಸಾಲಿನಲ್ಲಿ ಸಾಹೇಬರು ಎದ್ದು ನಿಂತರು.

ಅಧ್ಯಕ್ಷರು ಅಚ್ಚ ಕನ್ನಡದಲ್ಲಿ, ಭಾವಪರವಶರಾಗಿ ಓದಿದರು. "ಮಾನ್ಯರೇ, ತಾವು ಊರು ಬಿಟ್ಟು ಅರವತ್ತಕ್ಕೂ ಹೆಚ್ಚು ವರ್ಷಗಳಾದರೂ ಅಲ್ಲಿನ ಪುಟ್ಟ ಮಗುವಿಗೂ ತಮ್ಮ ಹೆಸರು ಗೊತ್ತು. ತಮ್ಮ ಒಂದೇ ಒಂದು ಗೋಲು ಕ್ಲಬ್ಬಿನ ಭವಿಷ್ಯವನ್ನೇ ಬದಲಿಸಿತು. ಅದನ್ನು ಕಂಡು ಇಡೀ ಊರು ಕಣ್ಣೀರು ಹಾಕಿತು. ತಮ್ಮದೇ ತಂಡದ ಗೋಲ್‌ಕೀಪರ್ ನೆಲದ ಮೇಲೆ ಬಿದ್ದು ಹೊರಳಾಡಿದರು. ಅಂಥ ಗೋಲನ್ನು ಆ ಊರು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ."

ಅಜ್ಜನಿಗೆ ಕನ್ನಡ ಬಾರದು. ಎಲ್ಲರ ಕಡೆ ನೋಡಿ ತಲೆ ತೂಗುತ್ತಿದ್ದರು. ನನ್ನ ಕಿವಿಯ ಹತ್ತಿರ ಬಾಗಿ, "ಏನು ಹೇಳುತ್ತಿದ್ದಾನೆ?" ಎಂದರು.

"ನಿಮ್ಮ ಗೋಲಿನ ಬಗ್ಗೆ."

ಅವರ ತಲೆ ತೂಗುವುದು ನಿಂತಿತು. "ಯಾವ ಕಡೆಗೆ ಅನ್ನುವುದನ್ನೂ ಹೇಳಿದನೇ?"

"ಹೇಳುತ್ತಿದ್ದಾರೆ. ಆದರೆ ಅವರಿಗೆ ಅರ್ಥವಾಗಿಲ್ಲ."

"ಮತ್ತೆ ಇವರೆಲ್ಲರಿಗೆ?"

ನಾನು ಸಭೆಯನ್ನು ನೋಡಿದೆ. ಅರ್ಧ ಜನ ಫೋನ್ ನೋಡುತ್ತಿದ್ದರು. ಕಾಲು ಭಾಗ ಬಿಸಿಬೇಳೆಬಾತಿನ ಪಾತ್ರೆಯ ಮುಚ್ಚಳ ಎಷ್ಟು ಹೊತ್ತಿಗೆ ತೆಗೆಯುತ್ತಾರೆಂದು ಕಾಯುತ್ತಿದ್ದರು. ಉಳಿದವರು ನಿದ್ದೆಯಲ್ಲಿ ಭಾಷಣಕ್ಕೆ ಒಪ್ಪಿಗೆ ಸೂಚಿಸುತ್ತಿದ್ದರು. ಅಜ್ಜನ ಕೈ ತಟ್ಟಿ ಧೈರ್ಯ ಹೇಳಿದೆ. ಮನುಷ್ಯನ ಗುಟ್ಟನ್ನು ಇಡಲು ಮಾನಪತ್ರಕ್ಕಿಂತ ಭದ್ರವಾದ ಜಾಗ ಇಲ್ಲ.

ಗೋಲ್‌ಕೀಪರ್

ಅಲ್ಲಿಗೆ ಮುಗಿದಿದ್ದರೆ ಅಜ್ಜ ಗೆದ್ದಿದ್ದರು. ಆದರೆ ಅಧ್ಯಕ್ಷರು ಮೈಕು ಬಿಡಲಿಲ್ಲ. "ಈಗ ಅತಿಥಿಗಳಿಗೆ ಒಂದು ಅಚ್ಚರಿ!" ಎಂದು ಪರದೆಯ ಕಡೆ ಕೈ ತೋರಿದರು.

ಇಲ್ಲಿ ಸಂಜೆ ಏಳು, ಸ್ಪೇನಿನಲ್ಲಿ ಬೆಳಗ್ಗೆ ಏಳು. ಪರದೆಯ ಮೇಲೆ ಆ ಊರಿನ ಕ್ಲಬ್ಬಿನ ಕೋಣೆ ಕಾಣಿಸಿತು. ಹತ್ತಿಪ್ಪತ್ತು ಜನ, ಕೈಯಲ್ಲಿ ಕಾಫಿ. ಅಜ್ಜ ಕುರ್ಚಿಯ ಕೈ ಹಿಡಿದು ಕೂತುಬಿಟ್ಟರು. ಊರು ಅವರನ್ನು ಹಿಡಿದಿತ್ತು.

ಕ್ಲಬ್ಬಿನ ಯುವ ಕಾರ್ಯದರ್ಶಿ ನಗುತ್ತ ಸ್ಪ್ಯಾನಿಷ್‌ನಲ್ಲಿ ಏನೋ ಕೇಳಿದ. ಅಜ್ಜ ನನಗೆ ಪಿಸುಗುಟ್ಟಿದರು. "ಯಾರಿಗೂ ಸಿಟ್ಟಿಲ್ಲವಂತೆ. ಒಂದೇ ಪ್ರಶ್ನೆಯಂತೆ. 'ಚೆಂಡು ತಾನಾಗಿ ಹೊರಗೆ ಹೋಗುತ್ತಿತ್ತಲ್ಲ, ಯಾಕೆ ತಲೆ ಕೊಟ್ಟೆ?'"

ಅಜ್ಜ ಪರದೆಯ ಕಡೆ ಬಾಗಿದರು. ಆಮೇಲೆ ತಗ್ಗಿದ ದನಿಯಲ್ಲಿ ಒಂದು ವಾಕ್ಯ ಹೇಳಿದರು. ಹೇಳಿದ್ದು ಇಷ್ಟು, ಅದನ್ನು ಆಮೇಲೆ ತಿಳಿದುಕೊಂಡೆ: "ಗೋಲ್‌ಕೀಪರ್ ನನ್ನ ಹೆಸರು ಹಿಡಿದು ಕೂಗಿದ."

ಪರದೆಯ ಆಚೆ ಗದ್ದಲವಾಯಿತು. ಜನರನ್ನು ಕೋಲಿನಿಂದ ಸರಿಸಿಕೊಂಡು ಇನ್ನೊಬ್ಬ ಮುದುಕ ಮುಂದೆ ಬಂದ. ಹಲ್ಲಿಲ್ಲ, ಸೊಂಟ ಬಾಗಿದೆ, ಕಣ್ಣು ಮಾತ್ರ ಕೆಂಡ. ಕ್ಯಾಮೆರಾಕ್ಕೆ ಮೂಗು ತಾಗಿಸಿ ಕಿರುಚಿದ. ಅದು ಗೋಲ್‌ಕೀಪರ್ ಎಂದು ಯಾರೂ ಹೇಳಬೇಕಾಗಲಿಲ್ಲ.

ಅಜ್ಜ ಎದ್ದರು. ಹಣ್ಣಿನ ಬುಟ್ಟಿ ಉರುಳಿತು. ಆಮೇಲೆ ನಡೆದದ್ದು ಹದಿನೈದು ನಿಮಿಷದ ಜಗಳ. ಭೂಮಿಯ ಒಂದು ತುದಿಯಲ್ಲಿ ಒಬ್ಬ, ಇನ್ನೊಂದು ತುದಿಯಲ್ಲಿ ಇನ್ನೊಬ್ಬ. ಇಬ್ಬರಿಗೂ ಸೇರಿ ನೂರೆಂಬತ್ತರ ಮೇಲೆ ವಯಸ್ಸು. ಒಬ್ಬರೂ ಉಸಿರು ತೆಗೆದುಕೊಳ್ಳಲಿಲ್ಲ. ನಮ್ಮ ಸಭೆ ಮೊದಲ ಬಾರಿಗೆ ಪೂರ್ತಿ ಎಚ್ಚರವಾಯಿತು.

"ನೋಡಿ, ಹಳೆಯ ಗೆಳೆಯರು ಎಷ್ಟೊಂದು ಪ್ರೀತಿಯಿಂದ ಮಾತಾಡ್ತಿದ್ದಾರೆ!" ಎಂದು ಅಧ್ಯಕ್ಷರು ಮೈಕಿನಲ್ಲಿ ಹೇಳಿ ಕಣ್ಣೊರೆಸಿಕೊಂಡರು. ಜೋರು ಚಪ್ಪಾಳೆ.

ಅಷ್ಟರಲ್ಲಿ ಅಜ್ಜ ಸಭೆಯ ಕಡೆ ತಿರುಗಿದರು. ಅರವತ್ತು ವರ್ಷ ಕಾಪಾಡಿದ ಗುಟ್ಟು ಅವರಿಗೆ ಮರೆತೇಹೋಗಿತ್ತು. ಅವರಿಗೆ ಈಗ ಬೇಕಾಗಿದ್ದು ಸಾಕ್ಷಿ. ಅಧ್ಯಕ್ಷರ ಭುಜ ಹಿಡಿದು ಒಂದು ಕಡೆ ನಿಲ್ಲಿಸಿದರು. "ಇದು ಗೋಲಿನ ಕಂಬ." ನನ್ನನ್ನು ಇನ್ನೊಂದು ಕಡೆ ನಿಲ್ಲಿಸಿದರು. "ಇದೂ ಕಂಬ." ಸಾಹೇಬರಿಗೆ ಕಿತ್ತಳೆ ಹಣ್ಣು ಕೊಟ್ಟು, "ನೀನು ಮೂಲೆಯಿಂದ ಎಸೆ," ಎಂದರು. ಬಾತಿನ ಪಾತ್ರೆಯ ಹತ್ತಿರ ಕಾಯುತ್ತಿದ್ದ ದಪ್ಪನೆಯವರೊಬ್ಬರನ್ನು ಎಳೆದು ತಂದು ಗೋಲ್‌ಕೀಪರ್ ಮಾಡಿದರು. "ಇವನು ಇಲ್ಲಿ ನಿಂತು ನನ್ನ ಹೆಸರು ಕೂಗಿದ! ಹೆಸರು ಕೂಗಿದರೆ 'ಚೆಂಡು ನಿನ್ನದು' ಎಂದರ್ಥ! ನಾನೇನು ಮಾಡಬೇಕು? ತಲೆ ಕೊಟ್ಟೆ! ನಮ್ಮದೇ ಗೋಲಿಗೆ ಹೋಯಿತು! ನಾವು ಸೋತೆವು!" ಇಂಗ್ಲಿಷಿನಲ್ಲಿ, ಮೈಕಿನಲ್ಲಿ, ನೂರಿಪ್ಪತ್ತು ಜನರ ಮುಂದೆ. ಹೀಗೆ ಅವರೇ ಹೇಳಿಬಿಟ್ಟಿದ್ದರಿಂದ ಇದನ್ನು ಬರೆಯಲು ನನಗೇನೂ ಅಳುಕಿಲ್ಲ.

ಸಾಹೇಬರು ಕಿತ್ತಳೆ ಎಸೆದರು. ಅಜ್ಜ ತಲೆ ಕೊಟ್ಟರು. ಪೇಟ ಇದ್ದುದರಿಂದ ಹಣ್ಣು ಚೆನ್ನಾಗಿಯೇ ಪುಟಿದು ಎರಡು ಕಂಬಗಳ ನಡುವೆ ಹೋಯಿತು.

"ಈಗ ಹೇಳಿ, ತಪ್ಪು ಯಾರದು?" ಎಂದರು ಅಜ್ಜ.

ನಮ್ಮ ಜನಕ್ಕೆ ಫುಟ್‌ಬಾಲ್ ಗೊತ್ತಿಲ್ಲದಿರಬಹುದು, ಮುಖ್ಯ ಅತಿಥಿಯನ್ನು ಬಿಟ್ಟುಕೊಟ್ಟು ಗೊತ್ತಿಲ್ಲ. "ಗೋಲ್‌ಕೀಪರ್‌ದು!" ಎಂದು ಸಭಾಂಗಣ ಒಂದೇ ದನಿಯಲ್ಲಿ ಕೂಗಿತು. "ಖರೇ ಐತಿ! ಕೂಗಬಾರದಿತ್ತು ಅಂವ!" ಎಂದು ಸಾಹೇಬರು ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದರು. ಯಾಕೋ ಅವರು ಬೆಳಗಾವಿಯ ಪಂದ್ಯದ ಬಗ್ಗೆಯೂ ಹೇಳುತ್ತಿದ್ದಂತೆ ಕೇಳಿಸಿತು. ನೂರಿಪ್ಪತ್ತು ಕೈಗಳು ಮೇಲೆದ್ದವು. ಪರದೆಯ ಮೇಲೆ ಅದನ್ನು ನೋಡಿದ ಗೋಲ್‌ಕೀಪರ್ ಬಾಯಿ ಬಿಟ್ಟುಕೊಂಡು ಕೂತ. ಸುತ್ತಲಿನ ಸ್ಪೇನಿನವರು ಅವನನ್ನೇ ಹೊಸದಾಗಿ ನೋಡತೊಡಗಿದರು.

ಅಜ್ಜ ಕುರ್ಚಿಯಲ್ಲಿ ಕೂತರು. ಅಂಥ ನೆಮ್ಮದಿಯ ಮುಖವನ್ನು ನಾನು ತೊಂಬತ್ತು ದಾಟಿದವರಲ್ಲಿ ಕಂಡಿಲ್ಲ. ಕೈ ಕಟ್ಟಿಕೊಂಡು, ಪೇಟ ಸರಿಮಾಡಿಕೊಂಡು, ಪರದೆಯನ್ನು ನೋಡಿ ಮುಗುಳ್ನಕ್ಕರು.

ಈ ಹೊತ್ತಿಗೆ ಕಂಬದ ಕೆಲಸದಿಂದ ಬಿಡುಗಡೆಯಾದ ಅಧ್ಯಕ್ಷರು ಮೈಕಿಗೆ ಮರಳಿದ್ದರು. ಪರದೆಯ ಮೇಲಿನ ಬಡ ಮುದುಕನ ಮುಖ ನೋಡಿ ಅವರ ಮನಸ್ಸು ಕರಗಿತ್ತು. ಅತಿಥಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಘೋಷಿಸಿದರು.

"ಆಟ ಎಂದ ಮೇಲೆ ಸೋಲು ಗೆಲುವು ಇದ್ದದ್ದೇ. ಮುಂದಿನ ವರ್ಷ ಈ ಗೋಲ್‌ಕೀಪರ್ ಮಹನೀಯರನ್ನೂ ಇಲ್ಲಿಗೇ ಕರೆಸಿ, ಇದೇ ವೇದಿಕೆಯಲ್ಲಿ, ಇಂಥದೇ ಪೇಟ ತೊಡಿಸಿ ಸನ್ಮಾನಿಸುತ್ತೇವೆ!"

ಅಜ್ಜ ಎದ್ದು ನಿಂತರು. ಪೇಟ ತೆಗೆದು ಅಧ್ಯಕ್ಷರ ಕೈಯಲ್ಲಿಟ್ಟರು. ಶಾಲು ತೆಗೆದು ಅದರ ಮೇಲಿಟ್ಟರು. ಕೊರಳ ಹಾರ ತೆಗೆದು ಅದರ ಮೇಲಿಟ್ಟರು. ಆಮೇಲೆ ಅತ್ಯಂತ ವಿನಯದಿಂದ ಹೇಳಿದರು:

"ನನ್ನನ್ನು ಕ್ಷಮಿಸಿ. ನಿಮ್ಮ ಗೌರವ ಇಷ್ಟು ಅಗ್ಗ ಎಂದು ಗೊತ್ತಿರಲಿಲ್ಲ."